ದೂರದ ವೇದಿಕೆಗೆ ಎಂಟು ಪಟ್ಟು ಸಾಕು

ಬಯಲಿನ ಸಂಗೀತ ಕಾರ್ಯಕ್ರಮಕ್ಕೆ ಒಯ್ಯಲು ಬೈನಾಕ್ಯುಲರ್ ಕೊಳ್ಳುವ ಮಾತು ಬಂದರೆ, ಕರ್ನಾಟಕದ ಹೊರಗಿರುವ ನಮ್ಮಂಥ ಕನ್ನಡಿಗರ ನಡುವೆ ಮೊದಲು ಏಳುವ ಪ್ರಶ್ನೆ ಒಂದೇ: ‘ಎಷ್ಟು ಎಕ್ಸ್?’ ಅಂಕಿ ದೊಡ್ಡದಾದಷ್ಟೂ ಕೇಳಿದವರಿಗೆ ಸಮಾಧಾನ. ಹಕ್ಕಿ ನೋಡುವವರು ಕೊಳ್ಳುವ ರೀತಿಯೇ ಬೇರೆ. ಅವರು ಮೊದಲು ಕಣ್ಣಿಗಿಟ್ಟು ನೋಡುತ್ತಾರೆ, ಕೀಲು ಮಡಚಿ ಬಿಚ್ಚುತ್ತಾರೆ, ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡುತ್ತಾರೆ. ಅಂಕಿಯ ವಿಚಾರ ಆಮೇಲೆ. ಕಾರ್ಯಕ್ರಮ ನೋಡುವವರಿಗೂ ಹಕ್ಕಿಯವರ ದಾರಿಯೇ ಲೇಸು ಎಂಬುದು ನನ್ನ ಅನಿಸಿಕೆ.

ಲೆಕ್ಕ ಹಾಕಿ ನೋಡೋಣ. 8×25 ಎಂದು ಬರೆದಿದ್ದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಲೆನ್ಸಿನ ಅಡ್ಡಳತೆ 25 ಮಿಲಿಮೀಟರ್ ಎಂದರ್ಥ. ನೂರು ಮೀಟರ್ ಆಚೆ ನಿಂತ ಗಾಯಕಿ ಬರಿಗಣ್ಣಿಗೆ ಚಾಚಿದ ಕೈಯ ಕಿರುಬೆರಳಿನ ಅಗಲದಷ್ಟು ಎತ್ತರ ಕಂಡರೆ ಹೆಚ್ಚು. ಎಂಟು ಪಟ್ಟಿನಲ್ಲಿ ಅವಳು ಹನ್ನೆರಡೂವರೆ ಮೀಟರ್ ದೂರದಲ್ಲಿದ್ದಂತೆ, ಹತ್ತು ಪಟ್ಟಿನಲ್ಲಿ ಹತ್ತು ಮೀಟರ್ ದೂರದಲ್ಲಿದ್ದಂತೆ ಕಾಣುತ್ತಾಳೆ. ಅಂದರೆ ಲಾಭ ಬರೀ ಎರಡೂವರೆ ಮೀಟರ್. ಇದಕ್ಕೆ ತೆರುವುದು ಮೂರು ಕಡೆ.

ಮೊದಲನೆಯದು ಬೆಳಕು. 25ನ್ನು 8ರಿಂದ ಭಾಗಿಸಿದರೆ 3.1, ಹತ್ತರಿಂದ ಭಾಗಿಸಿದರೆ 2.5. ಕಣ್ಣಿನ ಕಡೆಯಿಂದ ಹೊರಬರುವ ಬೆಳಕಿನ ಬಿಲ್ಲೆಯ ಅಗಲ ಇಷ್ಟು ಮಿಲಿಮೀಟರ್. ನಡುಹಗಲಲ್ಲಿ ನಮ್ಮ ಕಣ್ಣಪಾಪೆಯೇ ಎರಡು-ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ, ಆಗ ವ್ಯತ್ಯಾಸ ತಿಳಿಯುವುದಿಲ್ಲ. ಮುಸ್ಸಂಜೆಗೆ ಪಾಪೆ ಹಿಗ್ಗಿದ ಮೇಲೆ 8×25ರ ನೋಟ 10×25ರದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು ಬೆಳಗಿರುತ್ತದೆ. ಹಾಡುವವರ ಮುಖದ ಮೇಲೆ ಹೇಗೂ ದೀಪ ಬಿದ್ದಿರುತ್ತದೆ, ಸರಿ. ಹಿಂದೆ ನೆರಳಲ್ಲಿ ಕೂತ ಬೇಸ್ ಗಿಟಾರಿನವನ ಬೆರಳು ಕಾಣಬೇಕೆಂದರೆ ಈ ಒಂದೂವರೆ ಪಟ್ಟು ಬೇಕು.

ಎರಡನೆಯದು ನೋಟದ ಅಗಲ. ಸಾಮಾನ್ಯ 8×25 ಒಂದರಲ್ಲಿ ಸುಮಾರು ಆರೂವರೆ ಡಿಗ್ರಿ ಕಾಣುತ್ತದೆ. ನೂರು ಮೀಟರಿನಲ್ಲಿ ಅದು ಹನ್ನೊಂದು ಮೀಟರಿಗೆ ಸಮ. ಹತ್ತರದ್ದು ಒಂಬತ್ತರ ಆಸುಪಾಸಿಗೆ ನಿಲ್ಲುತ್ತದೆ. ವೇದಿಕೆಯಿಂದ ಐವತ್ತು ಮೀಟರಿನಲ್ಲಿ ಕೂತಿದ್ದರೆ ಈ ಅಂಕಿಗಳು ಅರ್ಧವಾಗುತ್ತವೆ. ಗಾಯಕಿ ಎಡದಿಂದ ಬಲಕ್ಕೆ ಓಡಿದಳೆಂದರೆ ಕಿರಿದಾದ ನೋಟದಲ್ಲಿ ಅವಳನ್ನು ಹುಡುಕುತ್ತಲೇ ಪಲ್ಲವಿ ಮುಗಿದಿರುತ್ತದೆ.

ಮೂರನೆಯದು ಕೈನಡುಕ, ಜನ ಮರೆಯುವುದೇ ಇದನ್ನು. ಪಟ್ಟು ಹೆಚ್ಚಿದಂತೆ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಮೂರು ತಾಸು ನಿಂತು ದಣಿದ ಕೈಯಲ್ಲಿ, ಸ್ಪೀಕರಿನ ಗುದ್ದಿಗೆ ಎದೆಯೇ ಅದುರುವಾಗ, 12 ಪಟ್ಟಿನ ಬಡಕಲು ಬೈನಾಕ್ಯುಲರಿನಲ್ಲಿ ಮುಖ ಓದುವುದಿರಲಿ, ಮುಖ ಎಲ್ಲಿದೆ ಎಂದು ಹಿಡಿಯುವುದೇ ಕಷ್ಟ. ಹಗುರವಾದದ್ದು ಹೆಚ್ಚು ನಡುಗುತ್ತದೆ ಎಂಬುದೂ ನೆನಪಿರಲಿ. ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿ, ಹೆಬ್ಬೆರಳುಗಳನ್ನು ಕೆನ್ನೆಯ ಮೂಳೆಗೆ ಊರಿ, ಉಸಿರು ಅರ್ಧ ಬಿಟ್ಟು ಹಿಡಿದರೆ ಎಂಟು ಪಟ್ಟು ನಿಲ್ಲುತ್ತದೆ. ಕೂತಿದ್ದರೆ ಮೊಣಕೈ ಮಂಡಿಯ ಮೇಲಿರಲಿ. ನಡುಕ ತಡೆಯುವ ಎಲೆಕ್ಟ್ರಾನಿಕ್ ಮಾದರಿಗಳೂ ಉಂಟು. ಕ್ಯಾನನ್‌ನ ಪುಟ್ಟ 8×20 ಅಂಥದ್ದು. ಗುಂಡಿ ಒತ್ತಿದೊಡನೆ ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಅದರ ಬೆಳಕಿನ ಬಿಲ್ಲೆ ಎರಡೂವರೆ ಮಿಲಿಮೀಟರ್ ಮಾತ್ರ, ಮೇಲೆ ಬ್ಯಾಟರಿಯ ಉಸಾಬರಿ ಬೇರೆ.

8ರಿಂದ 20 ಪಟ್ಟಿನವರೆಗೆ ಹಿಗ್ಗುವ ಜೂಮ್ ಮಾದರಿಗಳ ಬಗ್ಗೆ ಒಂದೇ ಮಾತು: ಬೇಡ. ಫೋಕಸ್ ತಿರುಪೇ ಇಲ್ಲದವೂ ಬೇಡ, ಅಲ್ಲಿ ಹೊಂದಿಸುವ ಕೂಲಿ ಪೂರ್ತಿ ಕಣ್ಣಿನ ಮೇಲೆ ಬೀಳುತ್ತದೆ. ಮೂರು ಪಟ್ಟಿನ ನಾಟಕದ ಕನ್ನಡಕ ಮೂವತ್ತು ಮೀಟರಿನೊಳಗೆ ಸರಿ, ಮೈದಾನದ ಹಿಂದಿನ ಸಾಲಿಗೆ ಸಾಲದು.

ಪುಟ್ಟ ಬೈನಾಕ್ಯುಲರುಗಳು ಎರಡು ಆಕಾರದಲ್ಲಿ ಬರುತ್ತವೆ. ನೇರ ಕೊಳವೆಯವು ಎರಡು ಕೀಲಿನಲ್ಲಿ ಮಡಚಿ ಜೇಬಿಗೆ ಇಳಿಯುತ್ತವೆ. ಪ್ರತಿಸಲ ಬಿಚ್ಚಿದಾಗಲೂ ಎರಡು ಕೀಲನ್ನೂ ಸಮವಾಗಿ ತೆರೆದು ಕಣ್ಣುಗಳ ಅಂತರಕ್ಕೆ ಹೊಂದಿಸಬೇಕು. ಕತ್ತಲಲ್ಲಿ, ಅವಸರದಲ್ಲಿ ಇದು ತಪ್ಪುತ್ತದೆ, ಒಂದು ಕಣ್ಣಿಗೆ ಕಪ್ಪು ನೆರಳು ಕವಿಯುತ್ತದೆ. ಇನ್ನೊಂದು, ಮುಂದಿನ ಲೆನ್ಸುಗಳು ಕಣ್ಣಿಗಿಡುವ ಲೆನ್ಸುಗಳಿಗಿಂತ ಒಳಗೆ ಸರಿದಿರುವ ಅಗಲ ಮೈಯದು; ಒಳಗಿನ ಪ್ರಿಸಂ ಜೋಡಣೆಯಿಂದಾಗಿ ಇದಕ್ಕೆ ‘ರಿವರ್ಸ್ ಪೊರೋ’ ಎಂದು ಹೆಸರು. ಒಂದೇ ಕೀಲು, ಒಮ್ಮೆ ಹೊಂದಿಸಿದರೆ ಮುಗಿಯಿತು. ನೇರ ಕೊಳವೆಯ ಪ್ರಿಸಂಗಳಿಗೆ ಬೇಕಾಗುವ ವಿಶೇಷ ಲೇಪನ ಇದಕ್ಕೆ ಬೇಡವಾದ್ದರಿಂದ ಕಡಿಮೆ ಹಣಕ್ಕೂ ಚಿತ್ರ ಚೆನ್ನಾಗಿರುತ್ತದೆ. ಜೇಬು ಸಣ್ಣದಲ್ಲದಿದ್ದರೆ ನನ್ನ ಮತ ಇದಕ್ಕೇ. ಚೀಲದಲ್ಲಿ ಜಾಗವಿದ್ದು ಅರ್ಧ ಕಿಲೋ ಭಾರ ಆಗದವರಿಗೆ 8×32 ಎಲ್ಲಕ್ಕಿಂತ ಮೇಲು. ಬಿಲ್ಲೆ ನಾಲ್ಕು ಮಿಲಿಮೀಟರಿಗೆ ಏರುತ್ತದೆ, ಕಣ್ಣು ಆಚೀಚೆ ಸರಿದರೂ ಚಿತ್ರ ಕಳೆಯುವುದಿಲ್ಲ.

ಕೊಳ್ಳುವಾಗ ಐದು ನಿಮಿಷ ಕೊಡಿ. ತೋಳು ಚಾಚಿ ಬೈನಾಕ್ಯುಲರನ್ನು ಬೆಳಕಿನ ಕಡೆ ಹಿಡಿದರೆ ಕಣ್ಣಿನ ಲೆನ್ಸುಗಳಲ್ಲಿ ಎರಡು ಬೆಳ್ಳಿಬಿಲ್ಲೆ ಕಾಣುತ್ತವೆ. ಅವು ಪೂರ್ತಿ ದುಂಡಗಿರಬೇಕು. ಅಂಚು ಕತ್ತರಿಸಿ ಚೌಕವಾಗಿ ಕಂಡರೆ ಪ್ರಿಸಂ ಅಗ್ಗದ್ದು. ಮುಂದಿನ ಲೆನ್ಸಿನಲ್ಲಿ ದೀಪದ ಬಿಂಬ ಮಂದವಾಗಿ, ಹಸಿರು ಅಥವಾ ನೇರಳೆ ಛಾಯೆಯಲ್ಲಿರಬೇಕು. ಕನ್ನಡಿಯಂತೆ ಬೆಳ್ಳಗೆ ಹೊಳೆದರೆ ಲೇಪನವಿಲ್ಲ, ಮಾಣಿಕ್ಯದಂತೆ ಕೆಂಪಗಿದ್ದರೆ ಅದು ಬರೀ ಶೋಕಿ. ಲೇಪನವಿಲ್ಲದ ಗಾಜಿನ ಒಂದೊಂದು ಮೈಯಲ್ಲೂ ನೂರಕ್ಕೆ ನಾಲ್ಕರಷ್ಟು ಬೆಳಕು ಸೋರುತ್ತದೆ. ಒಳಗೆ ಅಂಥ ಹತ್ತು ಮೈಗಳಿದ್ದರೆ ಮೂರನೇ ಒಂದು ಭಾಗ ಹೋಯಿತು. ಸೋರಿದ್ದು ಸುಮ್ಮನಿರುವುದಿಲ್ಲ, ವೇದಿಕೆಯ ದೀಪ ನಮ್ಮತ್ತ ತಿರುಗಿದಾಗ ಮಂಜಿನ ಪರದೆಯಾಗಿ ಎದುರು ನಿಲ್ಲುತ್ತದೆ. ಕೊನೆಗೆ ದೂರದ ತಂತಿಯನ್ನೋ ಗೋಡೆಯ ಅಂಚನ್ನೋ ನೋಡಿ. ಒಂದೇ ಗೆರೆ ಎರಡಾಗಿ ಕಂಡರೆ, ಎರಡು ನಿಮಿಷಕ್ಕೆ ಹುಬ್ಬಿನ ನಡುವೆ ಎಳೆದಂತಾದರೆ, ಕೊಳವೆಗಳು ಸಮವಾಗಿಲ್ಲ. ಅದನ್ನು ಅಲ್ಲೇ ಬಿಟ್ಟು ಬನ್ನಿ.

ಕನ್ನಡಕದವರು ‘ಐ ರಿಲೀಫ್’ ಎಂಬ ಅಂಕಿ ನೋಡಬೇಕು, ಅಂದರೆ ಲೆನ್ಸಿನಿಂದ ಕಣ್ಣು ಎಷ್ಟು ದೂರವಿದ್ದರೂ ನೋಟ ಪೂರ್ತಿ ಸಿಗುತ್ತದೆ ಎಂಬ ಅಳತೆ. ಅದು 15 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಕೀಲಿರಂಧ್ರದಲ್ಲಿ ಇಣುಕಿದಂತಾಗುತ್ತದೆ. ಕನ್ನಡಕವಿದ್ದರೆ ರಬ್ಬರ್ ಬಟ್ಟಲು ಕೆಳಗೆ, ಇಲ್ಲದಿದ್ದರೆ ಮೇಲೆ.

ಒಳ್ಳೆಯ ಬೈನಾಕ್ಯುಲರನ್ನು ಮಂಜು ಮಂಜು ಎಂದು ಬೈಯುವವರಲ್ಲಿ ಬಹಳ ಮಂದಿ, ಎರಡು ಕಣ್ಣುಗಳ ನಡುವಿನ ವ್ಯತ್ಯಾಸ ಸರಿದೂಗಿಸುವ ಡಯಾಪ್ಟರ್ ಬಳೆಯನ್ನು ಮುಟ್ಟಿರುವುದೇ ಇಲ್ಲ. ವೇದಿಕೆಯ ಮೇಲಿನ ಅಲುಗದ ಅಕ್ಷರವೊಂದನ್ನು ಹಿಡಿಯಿರಿ. ಬಲಗಡೆಯ ಮುಂದಿನ ಲೆನ್ಸಿಗೆ ಅಂಗೈ ಅಡ್ಡ ಹಿಡಿದು, ಎರಡೂ ಕಣ್ಣು ತೆರೆದೇ, ನಡುವಿನ ತಿರುಪಿನಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡದ ಲೆನ್ಸಿಗೆ ಅಂಗೈ ಅಡ್ಡ ಹಿಡಿದು, ನಡುವಿನ ತಿರುಪು ಮುಟ್ಟದೆ, ಸಾಮಾನ್ಯವಾಗಿ ಬಲಗಣ್ಣಿನ ಹತ್ತಿರವಿರುವ ಬಳೆಯಿಂದ ಅದೇ ಅಕ್ಷರವನ್ನು ಸ್ಪಷ್ಟ ಮಾಡಿ. ಬಳೆ ನಿಂತ ಜಾಗಕ್ಕೆ ಉಗುರುಬಣ್ಣದ ಚುಕ್ಕೆ ಇಡಿ. ಪಕ್ಕದವರು ಕೇಳಿ ಪಡೆದು ತಿರುಗಿಸಿ ಕೊಟ್ಟಾಗ ಉಪಕಾರವಾಗುತ್ತದೆ.

ಫೋನಿನಲ್ಲೇ ಜೂಮ್ ಇದೆಯಲ್ಲ ಎನ್ನುವವರಿಗೆ: ಸುತ್ತ ಕತ್ತಲು, ನಡುವೆ ಬೆಳಗುವ ಮುಖ ಎಂದರೆ ಫೋನಿನ ಲೆಕ್ಕ ತಪ್ಪುತ್ತದೆ, ಮುಖ ಬಿಳಿ ಹಿಟ್ಟಾಗುತ್ತದೆ. ಐದು ಪಟ್ಟಿನ ಲೆನ್ಸ್ ದಾಟಿ ಹಿಗ್ಗಿಸಿದರೆ ಬರುವುದು ಹಿಂಜಿದ ಅರಳೆ. ಹಿಂದೆ ಕೂತವರಿಗೆ ನಮ್ಮ ಪರದೆಯೇ ಕಾರ್ಯಕ್ರಮ.

ಸೂರ್ಯ ಇಳಿಯುವ ಮೊದಲೇ ಶುರುವಾಗುವ ಕಾರ್ಯಕ್ರಮದಲ್ಲಿ ಅವನು ವೇದಿಕೆಯ ಹಿಂದೆ ಇದ್ದರೆ ಬೈನಾಕ್ಯುಲರ್ ಎತ್ತಲೇಬೇಡಿ, ಅರೆಕ್ಷಣದ ನೋಟಕ್ಕೂ ಕಣ್ಣು ಸುಡುತ್ತದೆ. ಲೇಸರ್ ಕಿರಣ ಪ್ರೇಕ್ಷಕರತ್ತ ಬೀಸುವಾಗಲೂ ಕೆಳಗಿಳಿಸಿ. ಇಬ್ಬನಿ ಕೂತರೆ ಅಂಗಿಯ ತುದಿಯಿಂದ ಉಜ್ಜಬೇಡಿ. ಮೊದಲು ಧೂಳು ಊದಿ, ಆಮೇಲೆ ಲೆನ್ಸಿನ ಬಟ್ಟೆ. ಹೊರಗಿನ ಮಂಜು ಒರೆಸಿದರೆ ಹೋಗುತ್ತದೆ. ಒಳಗೇ ಮಂಜು ಕಟ್ಟಿದರೆ ಮುದ್ರೆ ಸಡಿಲಾಗಿದೆ ಎಂದರ್ಥ, ಆದ್ದರಿಂದಲೇ ನೈಟ್ರೋಜನ್ ತುಂಬಿ ಮುಚ್ಚಿದ್ದನ್ನು ಕೊಳ್ಳುವುದು ಮಳೆಗಾಲಕ್ಕೆ ಕ್ಷೇಮ.

ಕೊನೆಗೊಂದು ವಿಚಿತ್ರ, ಮೊದಲ ಸಲ ನೋಡುವವರು ಬೈನಾಕ್ಯುಲರ್ ಕೆಟ್ಟಿತೇ ಎಂದು ಗಾಬರಿಯಾಗುವಂಥದ್ದು. ಡ್ರಮ್ಮಿನವನ ಕೋಲು ತೊಗಲಿಗೆ ಬಡಿದು, ಪುಟಿದು, ಮೇಲೆದ್ದ ಮೇಲೆ ‘ಧಡ್’ ಕೇಳುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುವುದು. ನೂರು ಮೀಟರ್ ದಾಟಲು ಹೆಚ್ಚುಕಮ್ಮಿ 0.3 ಸೆಕೆಂಡ್. ಬರಿಗಣ್ಣಿಗೆ ಕೋಲೇ ಕಾಣದಿದ್ದಾಗ ಈ ಅಂತರವೂ ಕಂಡಿರಲಿಲ್ಲ. ತುಟಿಯಲ್ಲೂ ಇದೇ ಕಥೆ. ಕಿರಿಕಿರಿ ಎನಿಸಿದರೆ ನೋಟವನ್ನು ಪಿಟೀಲಿನವಳ ಎಡಗೈಗೋ, ಹಾಡಿನ ನಡುವೆ ನೀರು ಕುಡಿಯುವವನ ಕಡೆಗೋ ತಿರುಗಿಸಿ, ಅಲ್ಲಿ ತಾಳ ತಪ್ಪುವ ಗೋಜಿಲ್ಲ.