ಸಾವಿರದಲ್ಲೊಂದು ಅಂದಿದ್ದಕ್ಕೆ ನಂಗೆ ಸಿಕ್ಕಿದ ಮರ್ಯಾದೆ

ಬಂದೇಬಿಡ್ತು ಮಾರಾಯ್ರೆ, 274. ಕೇರಳ ಲಾಟರಿ ಫಸ್ಟ್ ಪ್ರೈಜಿನ ಕೊನೇ ಮೂರಂಕಿ ಇದೇ ಬರುತ್ತೆ ಅಂತ ದುಡ್ಡು ಕಟ್ಟಿ ನಂಬರ್ ಬರ್ಸೋ ಜೂಜು ಇದ್ಯಲ್ಲ, ಅದ್ರಲ್ಲಿ ನಮ್ಮ ಭಾವ ಬರ್ಸಿದ್ದ ನಂಬರ್. ಅದು ಬರೋ ಚಾನ್ಸ್ ಸಾವಿರದಲ್ಲೊಂದು ಅಂತ ನಾನು ಹೇಳ್ತಾನೇ ಇದ್ದೆ. ಉಳಿದಿದ್ದು 999 ನಂಬರ್ ಇದ್ವಲ್ಲ, ಅದ್ರಲ್ಲಿ ಒಂದು ಬರ್ಬಾರ್ದಿತ್ತಾ? 273 ಬಂದಿದ್ರೂ ನಡೀತಿತ್ತು, 275 ಬಂದಿದ್ರೂ ನಡೀತಿತ್ತು, ನಾನು ನಿನ್ನೆ ಸಂಜೆ ನೆಟ್ಟಗೆ ಮನೆಗೆ ಬಂದು ಕಾಫಿ ಕುಡ್ಕೊಂಡು ಮಲಗ್ತಿದ್ದೆ.

ಭಾವಂಗೆ ನಾನೇನೂ ಅನ್ನಲ್ಲ, ಅನ್ನೋ ಹಾಗೂ ಇಲ್ಲ, ಅಕ್ಕನ ಗಂಡ. ಗೆದ್ರು, ಗೆಲ್ಲಲಿ, ಆ ಮನೆಗೆ ನಾಲ್ಕು ಕಾಸು ಬಂದ್ರೆ ನಂಗೂ ಸಂತೋಷಾನೇ. ಆದ್ರೆ ಆ ಹತ್ತು ರೂಪಾಯಿ ಕಾಯಿನ್ ತಂದು ಕೂಲಿ ಲೆಕ್ಕದ ಚೆಕ್‌ರೋಲ್ ಮೇಲೆ ಇಟ್ರಲ್ಲ, ಅದೂ ಬಟವಾಡೆ ದಿನ, ಅದೂ ತೋಟದ ಲೈನ್ ಮನೆ ಕೂಲಿಯವರೆಲ್ಲ ಸಾಲಾಗಿ ನಿಂತಿರುವಾಗ, ಅದನ್ನ ಹೆಂಗ್ರೀ ಮರೀಲಿ?

ಹೇಳ್ತೀನಿ ಕೇಳಿ. ನಾನು ತೋಟದ ರೈಟರು, ಲೆಕ್ಕ ಬರ್ದು ಕೂಲಿ ಕೊಡೋನು. ಶನಿವಾರ ಸಂಜೆ, ಕಣದ ಪಕ್ಕ ಆಫೀಸ್ ಜಗಲಿ. ಮೆಣಸು ಕುಯ್ಯೋ ಟೈಮ್ ಆದ್ದರಿಂದ ನಮ್ಮ ಲೈನಿನವರಲ್ಲದೆ ಹೊರಗಿನ ಜನಾನೂ ಇದ್ರು, ಭಾನುವಾರ ಗೋಣಿಕೊಪ್ಪ ಸಂತೆ ಅಂತ ಎಲ್ರಿಗೂ ಅವಸರ, ನಾನು ಒಬ್ಬೊಬ್ಬರ ಕೆಜಿ ಓದಿ ದುಡ್ಡು ಎಣಿಸಿ ಕೊಡ್ತಾ ಇದ್ದೆ. ಭಾವನ ಪಿಕಪ್ ಬಂದು ನಿಲ್ತು. ಮನೇಲಿ ನನ್ನನ್ನ ಹೆಸರು ಹಿಡ್ದು ಹೋಗೋ ಬಾರೋ ಅನ್ನೋ ಮನುಷ್ಯ, ಇಳಿದವ್ರೇ ದೂರದಿಂದಲೇ "ರೈಟ್ರೇ, ಇವತ್ತು ಎಷ್ಟು?" ಅಂದ್ರು. ನಾನು ಮೆಣಸು ಕೇಳ್ತಿದ್ದಾರೆ ಅಂದ್ಕೊಂಡು ತಲೆ ಎತ್ತದೇ ಕೆಜಿ ಹೇಳ್ದೆ. "ಅದಲ್ಲ ರೈಟ್ರೇ, ಕಾರುಣ್ಯ ಎಷ್ಟು?" ಅಂದ್ರು. ಕಾರುಣ್ಯ ಅಂದ್ರೆ ಕೇರಳದ ಶನಿವಾರದ ಲಾಟರಿ. ಸಾಲು ಗಪ್‌ಚಿಪ್. ಎಲ್ರಿಗೂ ಮೊದ್ಲೇ ಗೊತ್ತಿತ್ತು ಅಂತ ನಂಗೆ ಆಮೇಲೆ ಗೊತ್ತಾಗಿದ್ದು, ಮೂರು ಗಂಟೆಗೆ ರಿಸಲ್ಟ್ ಬಂದಾಗ್ಲೇ ಫೋನ್‌ನಲ್ಲಿ ಊರೆಲ್ಲ ಹರಡಿತ್ತಂತೆ, ಗೊತ್ತಿಲ್ದೇ ಇದ್ದವನು ಮೆಣಸು ತೂಗ್ತಿದ್ದ ನಾನೊಬ್ನೇ.

ಫೋನ್ ತಂದು ಮುಖಕ್ಕೆ ಹಿಡಿದ್ರು. ಫಸ್ಟ್ ಪ್ರೈಜಿನ ಕೊನೇ ಮೂರು, 2, 7, 4. ಆಮೇಲೆ ಜೇಬಿಗೆ ಕೈ ಹಾಕಿ ಹತ್ತರ ಕಾಯಿನ್ ತೆಗ್ದು ಚೆಕ್‌ರೋಲ್ ಮೇಲೆ ಟಕ್ ಅಂತ ಇಟ್ಟು, "ಇಪ್ಪತ್ತು ರೂಪಾಯಿಗೆ ಬರ್ಸಿದ್ದೆ, ಹತ್ತು ಸಾವಿರ. ಸಾವಿರದಲ್ಲೊಂದು, ಸಾವಿರದಲ್ಲೊಂದು ಅಂತಿದ್ರಲ್ಲ, ತಗೊಳ್ಳಿ ನಿಮ್ಮ ಸಾವಿರದಲ್ಲೊಂದು!"

ನಕ್ರು ನೋಡಿ. ಮೇಸ್ತ್ರಿ ನಕ್ಕ, ಹೆಬ್ಬೆಟ್ಟಿಗೆ ಇಂಕು ಹಚ್ಕೊಂಡು ನಿಂತಿದ್ದ ಅಜ್ಜಿ ನಕ್ಳು, ಆಯಮ್ಮ ನಗೋದನ್ನ ನಾನು ಈ ತೋಟಕ್ಕೆ ಸೇರಿದ್ಮೇಲೆ ನೋಡೇ ಇರ್ಲಿಲ್ಲ. ಜೀಪಲ್ಲಿ ಕೂತಿದ್ದ ಸಾಹುಕಾರ್ರು ಕೂಡ ಗಾಜು ಇಳಿಸಿ "ಏನಂತೆ ಏನಂತೆ" ಅಂತ ಕೇಳಿ, ಯಾರೋ ಓಡಿಹೋಗಿ ಹೇಳಿ, ಅವ್ರೂ ನಕ್ರು. ನಾನು ಸುಮ್ನಿದ್ದಿದ್ರೆ ಅಲ್ಲಿಗೇ ಮುಗೀತಿತ್ತೇನೋ. ನಾನು ಏನಂದೆ ಗೊತ್ತಾ? "ಭಾವ, ಸಂಭವನೀಯತೆ ಅಂದ್ರೆ..." ಅಂತ ಶುರು ಮಾಡ್ದೆ. ಸಂಭವನೀಯತೆ! ಬಟವಾಡೆ ಸಾಲಿನ ಮುಂದೆ! ಎರಡನೇ ಸಲ ನಕ್ರು, ಈ ಸಲ ಇನ್ನೂ ಜೋರಾಗಿ. ಕಾಯಿನ್ ಅಲ್ಲೇ ಇತ್ತು, ತಗೊಂಡ್ರೆ ಒಪ್ಕೊಂಡಂಗೆ, ವಾಪಸ್ ಕೊಟ್ರೆ ಕೋಪ ಬಂದಂಗೆ, ಅದರ ಸುತ್ತ ಸುತ್ತ ಹೆಸರು ಟಿಕ್ ಹಾಕ್ಕೊಂಡು ಬಟವಾಡೆ ಮುಗಿಸ್ದೆ. ಕೊನೆಗೆ ಮೇಸ್ತ್ರಿ ಮಗ ಅದನ್ನ ಎತ್ಕೊಂಡು ಓಡ್ದ, ಒಳ್ಳೇದಾಯ್ತು.

ಈಗ ನೀವು ಹೇಳಿ, ನಾನು ಹೇಳಿದ್ರಲ್ಲಿ ಏನು ತಪ್ಪಿತ್ತು? 000ಯಿಂದ 999ರ ತನಕ ಸಾವಿರ ನಂಬರ್, ಬರೋದು ಒಂದು. ಇದು ನಾನು ಕಂಡುಹಿಡಿದಿದ್ದಲ್ಲ. ಭಾವಂದು ಒಂದು ಬುಕ್ ಇದೆ, ಕೆಂಪು ಪೆನ್ನು ನೀಲಿ ಪೆನ್ನು ಎರಡ್ರಲ್ಲೂ ಬರ್ದಿರೋದು, ಅದ್ರಲ್ಲಿ ಇಲ್ಲದ ಶಾಸ್ತ್ರ ಇಲ್ಲ. ಅಮೆರಿಕದ ಪಿಕ್ 3 ಅಂತ ಒಂದು ಮೂರಂಕಿ ಲಾಟರಿ ಆಟ ಇದ್ಯಲ್ಲ, ಅದರ ವಿಡಿಯೋ ನೋಡಿ ಕಲ್ತಿರೋದು ಅರ್ಧ, ಇಲ್ಲಿಯವರು ಹೇಳ್ಕೊಟ್ಟಿದ್ದು ಅರ್ಧ. ತೋಟಕ್ಕೆ ಆನೆ ಬಂದ್ರೆ ಒಂದು ನಂಬರ್, ಕನಸಲ್ಲಿ ಹಾವು ಬಂದ್ರೆ ಒಂದು, ಎದುರಿಗೆ ಕೆಎ 12 ಗಾಡಿ ಬಂದ್ರೆ ಅದರ ಕೊನೇ ಮೂರು. ಕೊಡಗಲ್ಲಿ ಎದುರಿಗೆ ಕೆಎ 12 ಬರ್ದೇ ಇನ್ನೇನ್ರೀ ಬರುತ್ತೆ?

ಈ 274 ಹುಟ್ಟಿದ್ದು ಮಿರರ್ ಲೆಕ್ಕದಲ್ಲಿ. 0ಗೆ 5, 1ಕ್ಕೆ 6, 2ಕ್ಕೆ 7, 3ಕ್ಕೆ 8, 4ಕ್ಕೆ 9, ಒಂದಕ್ಕೊಂದು ಕನ್ನಡಿಯಂತೆ. ಶುಕ್ರವಾರ 729 ಬಂದಿತ್ತು, ಒಂದೊಂದಂಕಿಗೂ ಅದರ ಕನ್ನಡಿ ಅಂಕಿ ಇಟ್ರೆ 274. ಅದರ ಮೇಲೆ ಮೊತ್ತದ ಚಾರ್ಟ್, 2 ಕೂಡಿಸು 7 ಕೂಡಿಸು 4, 13. "13 ಜಾಸ್ತಿ ಬೀಳುತ್ತೆ ನೋಡು" ಅಂದಿದ್ರು. ಜಾಸ್ತಿ ಬಿದ್ದೇ ಬೀಳುತ್ತೆ, ಯಾಕಂದ್ರೆ ಮೊತ್ತ 13 ಬರೋ ನಂಬರ್‌ಗಳೇ 75 ಇದಾವೆ, 14ಕ್ಕೂ 75, ಮೊತ್ತ ಸೊನ್ನೆ ಬರೋದು ಒಂದೇ ಒಂದು, 000. ಹಾಗಂತ ನೀವು ಬರ್ಸೋದು 75 ನಂಬರಾ? ಒಂದೇ ತಾನೇ? ಆ ಒಂದಕ್ಕೆ 000ಗಿಂತ ಗುಲಗಂಜಿಯಷ್ಟೂ ಹೆಚ್ಚು ಚಾನ್ಸ್ ಇಲ್ಲ ಅಂತ ಅಕ್ಕನ ಮನೇಲಿ ಊಟದ ಎಲೆ ಮುಂದೆ ಕೂತು ಹೇಳ್ದೆ. ಅಕ್ಕ ಸಾರು ಬಡಿಸ್ತಾ "ಆಯ್ತು ಬಿಡೋ" ಅಂದ್ಲು.

ಇನ್ನು 'ತಡ ಆಗಿರೋ ನಂಬರ್'. ಇಷ್ಟು ದಿನದಿಂದ ಬಂದಿಲ್ಲ, ಈಗ ಬರ್ಲೇಬೇಕು ಅನ್ನೋದು. ಬರ್ಲೇಬೇಕು ಅಂತ ಯಾರ ಹತ್ರ ಬರ್ಸ್ಕೊಂಡಿದ್ದೀರಿ? ಒಂದು ನಂಬರನ್ನ ಸಾವಿರ ಡ್ರಾ ತನಕ ಕಾದ್ರೂ, ಅಂದ್ರೆ ದಿನಕ್ಕೊಂದರಂತೆ ಸುಮಾರು ಎರಡು ಮುಕ್ಕಾಲು ವರ್ಷ, ಒಂದು ಸಲಾನೂ ಬರ್ದೇ ಇರೋ ಸಾಧ್ಯತೆ ನೂರಕ್ಕೆ 37ರ ಹತ್ರ ಇದೆ. ಅರ್ಧಕ್ಕರ್ಧ ಚಾನ್ಸ್ ಆಗ್ಬೇಕು ಅಂದ್ರೇ 693 ಡ್ರಾ ಬೇಕು. ಪೆಟ್ಟಿಗೆಗೆ ನೆನಪಿರಲ್ಲ ಭಾವ, ನಿನ್ನೆ ಏನು ಬಂತು ಅಂತ ಅದಕ್ಕೆ ಗೊತ್ತಿಲ್ಲ ಅಂದ್ರೆ, "ನಿಂಗೆ ಗೊತ್ತಾ?" ಅಂತಾರೆ.

ಬಾಕ್ಸ್ ಅಂತ ಇನ್ನೊಂದು, ಹಿಂದೆಮುಂದೆ ಹೆಂಗೆ ಬಂದ್ರೂ ಸರಿ. 274ನ ಆರು ಥರ ಜೋಡಿಸ್ಬೋದು, ಚಾನ್ಸ್ ಆರು ಪಟ್ಟು, ನಿಜ. ಆದ್ರೆ ಅಮೆರಿಕದಲ್ಲಿ ತುಂಬಾ ಕಡೆ ಒಂದು ಡಾಲರಿಗೆ ನೇರವಾಗಿ ಬಂದ್ರೆ 500 ಡಾಲರ್, ಬಾಕ್ಸಲ್ಲಿ ಬಂದ್ರೆ ಬರೀ 80. ಅವ್ರೇನು ದಡ್ರಾ? ಟ್ರಿಪಲ್, ಅಂದ್ರೆ ಮೂರೂ ಒಂದೇ ಅಂಕಿ, ಮುಟ್ಬಾರ್ದು ಅನ್ನೋದೂ ಬುಕ್ಕಲ್ಲಿದೆ. 2024ರಲ್ಲಿ ಪಾಂಡವಪುರದ ಮೆಕ್ಯಾನಿಕ್ ಒಬ್ರಿಗೆ ಕೇರಳದ ಓಣಂ ಬಂಪರ್ 25 ಕೋಟಿ ಹೊಡೀತಲ್ಲ, ವಯನಾಡಿನ ಬತ್ತೇರಿಯಲ್ಲಿ ತಗೊಂಡಿದ್ದ ಟಿಕೆಟ್ಟು, ಆ ನಂಬರ್ 434222. ಕೊನೇ ಮೂರು 222! ಟ್ರಿಪಲ್! ಇದನ್ನ ಹೇಳಿದ್ರೆ ಭಾವ ಏನಂತಾರೆ, "ಅದು ಬಂಪರ್, ಅದರ ಲೆಕ್ಕ ಬೇರೆ."

ಒಂದೇ ಒಂದು ಸಲ ನಂಬರ್ ಹಿಡಿಯೋ ಉಪಾಯ ಕೆಲ್ಸ ಮಾಡಿದ್ದು ನಂಗೆ ಗೊತ್ತು. 1980ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಮೂರಂಕಿ ಲಾಟರೀಲಿ, 4 ಮತ್ತು 6 ಬಿಟ್ಟು ಮಿಕ್ಕಿದ ನಂಬರ್ ಚೆಂಡಿಗೆಲ್ಲ ಪೇಂಟ್ ಚುಚ್ಚಿ ಭಾರ ಮಾಡಿಬಿಟ್ರು, ಹಾಗಾಗಿ ಸಾವಿರ ಹೋಗಿ ಎಂಟೇ ಉಳೀತು, 666 ಬಂತು. ಮಾಡಿದವರಲ್ಲಿ ಡ್ರಾ ನಡೆಸೋ ಟಿವಿ ನಿರೂಪಕನೇ ಇದ್ದ, ಜೈಲಿಗೆ ಹೋದ. ಉಪಾಯ ಅಂದ್ರೆ ಅದು, ಕಳ್ಳತನ. ಈ ಕಥೆ ಹೇಳಿ ಭಾವನ ಬಾಯಿ ಮುಚ್ಚಿಸ್ದೆ ಅಂದ್ಕೊಂಡಿದ್ದೆ. ಅವ್ರು ಚಪ್ಪಾಳೆ ತಟ್ಟಿ, "ನೋಡ್ದಾ, ಅಲ್ಲೂ ಟ್ರಿಕ್ ಇತ್ತು, ನೀನೇ ಹೇಳ್ತಿದ್ದೀಯ!" ಅಂದ್ರು. ಇಂಥವ್ರಿಗೆ ಏನು ಹೇಳೋದು?

ಏನೂ ಹೇಳೋಕಾಗಲ್ಲ ಬಿಡಿ. ಗೆದ್ದವನ ಮುಂದೆ ಲೆಕ್ಕ ಓದೋದು ಅಂದ್ರೆ ಮದುವೆ ಮನೇಲಿ ತಿಥಿ ಮಂತ್ರ ಹೇಳ್ದಂಗೆ. ಬಿಎಸ್ಸಿ ಮ್ಯಾಥ್ಸ್ ಓದಿ ತೋಟದಲ್ಲಿ ರೈಟ್ರಾಗಿ ಮೆಣಸು ತೂಗೋ ನಾನು ದೊಡ್ಡ ಜಾಣ, ಮಿರರ್ ಲೆಕ್ಕದಲ್ಲಿ ಹತ್ತು ಸಾವಿರ ಹೊಡೆದ ಭಾವ ದಡ್ಡ, ಅಲ್ವಾ? ಇವತ್ತು ಸಂತೇಲಿ ಮೀನಿನವನೂ ನನ್ನ ನೋಡಿ "ಏನ್ ಸಾವಿರದಲ್ಲೊಂದು ರೈಟ್ರೇ" ಅಂದ. ಮೀನಿನವನಿಗೆ ಯಾರ್ರೀ ಹೇಳಿದ್ದು? ಮತ್ತಿ ಕೊಳ್ಳದೇ ಬಂದೆ. ಮನೇಲಿ ಅದಕ್ಕೂ ಬೈಸ್ಕೊಂಡೆ.

ಭಾವನ ಬುಕ್ ನೋಡಿದ್ರೆ ಒಬ್ಬ ರೈಟರಿಗೆ ಮೊದ್ಲು ಕಣ್ಣಿಗೆ ಬೀಳೋದೇನು ಹೇಳಿ? ಖರ್ಚಿನ ಕಾಲಮ್ಮೇ ಇಲ್ಲ! ಬಂದ ನಂಬರ್ ಇದೆ, ಬರ್ಬೇಕಾದ ನಂಬರ್ ಇದೆ, 'ಜಸ್ಟ್ ಮಿಸ್' ಅಂತ ರೌಂಡ್ ಹಾಕಿದ್ದೂ ಇದೆ, ಬರ್ಸಿದ್ದಕ್ಕೆ ಎಷ್ಟು ಹೋಯ್ತು ಅನ್ನೋದು ಮಾತ್ರ ಎಲ್ಲೂ ಇಲ್ಲ. ಹತ್ತು ರೂಪಾಯಿಗೆ ಐದು ಸಾವಿರ ಅಂತಾರೆ ಅವ್ರಿಗೆ ಬರ್ಕೊಡೋರು. ಸಾವಿರ ನಂಬರೂ ನೀವೇ ಬರ್ಸಿ, ಹತ್ತು ಸಾವಿರ ಕೊಡ್ಬೇಕು, ವಾಪಸ್ ಬರೋದು ಐದು. ಅರ್ಧ ಅಲ್ಲೇ ಹೋಯ್ತು, ಮಿರರ್ ಹಾಕಿ, ಕನ್ನಡಕ ಹಾಕಿ, ಏನ್ ಹಾಕಿದ್ರೂ ಅಷ್ಟೇ. ದಿನಕ್ಕೆ ನೂರು ರೂಪಾಯಿ ಅಂತ ಇಟ್ಕೊಂಡ್ರೂ ವರ್ಷಕ್ಕೆ 36,500. ಅಕ್ಕಂಗೆ ಇದನ್ನ ಹೇಳಿದ್ರೆ "ನಿಂಗೆ ಹೊಟ್ಟೆಕಿಚ್ಚು" ಅಂದ್ಲು. ಒಡಹುಟ್ಟಿದವಳು!

ಮತ್ತೆ ಇನ್ನೊಂದು ವಿಷ್ಯ ಯಾರೂ ಮಾತಾಡ್ತಿಲ್ಲ. ಆ ಹತ್ತು ಸಾವಿರ ಇನ್ನೂ ಬಂದೇ ಇಲ್ಲ! ಗಡಿ ಊರು ಕುಟ್ಟದ ಆಚೆ, ಕೇರಳದಿಂದ ಬರ್ಬೇಕಂತೆ, "ನಾಳೆ ಕೊಡ್ತಾನೆ." ಟಿಕೆಟ್ ಇದ್ಯಾ? ಇಲ್ಲ. ಚೀಟಿ? ಇಲ್ಲ, ವಾಟ್ಸಾಪಲ್ಲಿ 274 ಅಂತ ಕಳ್ಸಿದ್ದು, ಅವನು ಹೆಬ್ಬೆಟ್ಟು ತೋರ್ಸಿದ್ದು. ಕೇರಳ ಸರ್ಕಾರದ ಲಾಟರಿ 1967ರಿಂದ ಇದೆ, ಟಿಕೆಟ್ ತಗೊಂಡ್ರೆ ಅದು ಕಾನೂನು ಪ್ರಕಾರ. ಅದರ ಕೊನೇ ಮೂರು ಅಂಕಿ ಇಟ್ಕೊಂಡು ಬರ್ಸೋದು ಅಲ್ಲೂ ಕಾನೂನಿಗೆ ವಿರುದ್ಧ, ಪೊಲೀಸ್ ಹಿಡೀತಾರೆ, ನಮ್ಮ ಕಡೆ 2007ರಿಂದ ಲಾಟರಿಯೇ ಬಂದ್. ನಾಳೆ ಆ ಮನುಷ್ಯ ಫೋನ್ ಆಫ್ ಮಾಡ್ಕೊಂಡ್ರೆ ಯಾವ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡೋದು, "ಸಾರ್ ನನ್ನ ಜೂಜಿನ ದುಡ್ಡು" ಅಂತನಾ? ಹಂಗಾಗ್ಲಿ ಅಂತ ನಾನು ಹೇಳ್ತಿಲ್ಲ. ಬರ್ಲಿ, ಪೂರ್ತಿ ಬರ್ಲಿ, ಅಕ್ಕನ ಬಳೆ ಬ್ಯಾಂಕಲ್ಲಿದೆ, ಬಿಡಿಸ್ಕೊಳ್ಳಲಿ. ಒಂದ್ಕಡೆ ಬರ್ದೇ ಇರ್ಲಿ ಅಂತಾನೂ ಅನ್ಸುತ್ತೆ, ಸುಳ್ಯಾಕೆ.

ಯಾಕಂದ್ರೆ ನಿನ್ನೆ ಕತ್ತಲಾಗೋ ಮುಂಚೆ ಅಡ್ವಾನ್ಸ್ ಕೇಳ್ಕೊಂಡು ಜನ ಬಂದ್ರು. ಜ್ವರ, ಸ್ಕೂಲ್ ಫೀಸು ಅಂತ ಬಾಯಲ್ಲಿ ಹೇಳ್ತಾರೆ, ಕೈಯಲ್ಲಿ ನಂಬರ್ ಚೀಟಿ. ಬಟವಾಡೆ ತಗೊಂಡು ಎರಡು ಗಂಟೆ ಆಗಿರ್ಲಿಲ್ಲ. ಕೊಡಲ್ಲ ಅಂದ್ರೆ ಸಾಹುಕಾರ್ರ ಹತ್ರ ಹೋಗ್ತಾರೆ, ಅವ್ರು "ಕೊಡಿ ರೈಟ್ರೇ, ಮೆಣಸು ಕುಯ್ಲು ಮುಗಿಯೋ ತನಕ ಜನ ಬೇಕು" ಅಂತಾರೆ, ಕೊಟ್ಟಿದ್ದನ್ನ ಮುಂದಿನ ವಾರ ಮುರ್ಕೊಳ್ಳುವಾಗ ಬೈಸ್ಕೊಳ್ಳೋದು ನಾನು. ಮೇಸ್ತ್ರಿ ಹೆಂಡ್ತಿ ರಾತ್ರಿ ಮನೆಗೇ ಬಂದು ಅವನ ದುಡ್ಡು ಅವನ ಕೈಗೆ ಕೊಡ್ಬೇಡಿ, ನನ್ನ ಕೈಗೆ ಕೊಡಿ ಅಂತ ಅತ್ಲು. ಭಾವ ಗೆದ್ದಿದ್ದು ಎಲ್ರಿಗೂ ಕಾಣುತ್ತೆ, ಇದು ಯಾರಿಗೂ ಕಾಣಲ್ಲ.

ಇಷ್ಟರ ಮೇಲೆ ಇವತ್ತು ಬೆಳಿಗ್ಗೆ ಅದೇ ಮೇಸ್ತ್ರಿ ಡ್ರಾಯಿಂಗ್ ಶೀಟು, ಎರಡು ಸ್ಕೆಚ್ ಪೆನ್ನು ತಗೊಂಡು ಬಂದು ಬಾಗ್ಲಲ್ಲಿ ನಿಂತ. "ರೈಟ್ರೇ, ನಿಮ್ಮ ಅಕ್ಷರ ಮುದ್ದಾಗಿದೆ. ನಿಮ್ಮ ಭಾವನ ಮಿರರ್ ಚಾರ್ಟ್ ದೊಡ್ದಾಗಿ ಬರ್ಕೊಡಿ, ಲೈನಲ್ಲಿ ಅಂಟಿಸ್ತೀವಿ." ತಮಾಷೆ ಮಾಡ್ತಿಲ್ಲ ಅವನು, ಸೀರಿಯಸ್ಸಾಗಿ ಕೇಳ್ತಿದ್ದಾನೆ! ಶೀಟು ಈಗ ಮೇಜಿನ ಮೇಲಿದೆ. ಬರ್ಕೊಟ್ರೆ ನನ್ನ ಕೈಬರಹ ನೋಡಿ ಜನ ದುಡ್ಡು ಹಾಕ್ತಾರೆ, ಕೊಡದಿದ್ರೆ ರೈಟ್ರಿಗೆ ಹೊಟ್ಟೆಉರಿ ಅಂತಾರೆ, ಪಕ್ಕದಲ್ಲಿ ಖರ್ಚಿನ ಕಾಲಮ್ ಒಂದು ಸೇರ್ಸಿ ಕೊಡೋಣ ಅಂದ್ರೆ ಅದನ್ನ ಕತ್ತರಿಸಿ ಅಂಟಿಸ್ತಾರೆ. ಗೆದ್ದ ಮಾತ್ರಕ್ಕೆ ದಾರಿ ಸರಿ ಅಂತ ಆಗಲ್ಲ ಅನ್ನೋದನ್ನ ಆ ಸಾಲಿನ ಮುಂದೆ ನಿಂತು ಎರಡು ಮಾತಲ್ಲಿ ಹೇಳೋಕೆ ನಿಮ್ಮಲ್ಲಿ ಯಾರಿಗಾದ್ರೂ ಬರುತ್ತಾ? ಬಂದ್ರೆ ಮುಂದಿನ ಬಟವಾಡೆ ಒಳಗೆ ಹೇಳಿ. "ಹೋಗ್ಲಿ ಬಿಡಿ" ಅಂತ ಮಾತ್ರ ಹೇಳ್ಬೇಡಿ, ಅದನ್ನ ನನ್ನ ಹೆಂಡ್ತಿ ಬೆಳಿಗ್ಗೆಯಿಂದ ಹೇಳ್ತಾನೇ ಇದ್ದಾಳೆ.