ಫಿಲಡೆಲ್ಫಿಯಾಗೆ ಹೋದ ನನ್ನ ಹಪ್ಪಳ

ನಿನ್ನೆ ಮಧ್ಯಾಹ್ನ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ವಿಷಯ ಒಂದು ಹಪ್ಪಳದ್ದು. ನಗಬೇಡಿ. ಅದು ಹಲಸಿನ ಹಪ್ಪಳ. ಅಮ್ಮ ಸಾಗರದ ಮನೆಯ ಮಾಳಿಗೆ ಮೇಲೆ ಒಣಗಿಸಿ, ಡಬ್ಬಕ್ಕೆ ತುಂಬಿ, ಯಾರದೋ ಸೂಟ್‌ಕೇಸಿನಲ್ಲಿ ನ್ಯೂಜೆರ್ಸಿಗೆ ಕಳಿಸಿದ್ದು. ಡಬ್ಬದಲ್ಲಿ ಉಳಿದಿದ್ದು ಮೂರೇ ಮೂರು. ಭಾನುವಾರ ಅಂತ ಅಕ್ಕ ತಲೆಗೊಂದು ಕರಿದು ಹಾಕಿದಳು. ನನ್ನ ಪಾಲಿನದು ಫಿಲಡೆಲ್ಫಿಯಾಗೆ ಹೋಯಿತು.

ಹೇಗೆ ಅಂತ ಹೇಳಬೇಕಾದರೆ ಭಾವನ ಬಗ್ಗೆ ಹೇಳಬೇಕು. ಭಾವ ನ್ಯೂಯಾರ್ಕ್ ಜೈಂಟ್ಸ್ ಭಕ್ತರು. ಹೆಸರಿಗೆ ನ್ಯೂಯಾರ್ಕ್, ಆಡೋದು ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡ್‌ನಲ್ಲಿ. ಆಟದ ಹೆಸರು ಅಮೆರಿಕನ್ ಫುಟ್‌ಬಾಲ್, ಚೆಂಡು ಇರೋದು ಕೈಯಲ್ಲಿ. ಇಂಥ ತಂಡವನ್ನು ನಂಬಿಕೊಂಡು ಹದಿನೈದು ವರ್ಷದಿಂದ ಭಾನುವಾರಗಳನ್ನು ಹಾಳು ಮಾಡಿಕೊಂಡಿದ್ದಾರೆ. ಜೊತೆಗೆ ನಮ್ಮವನ್ನೂ.

ಆ ತಂಡದಲ್ಲಿ ಸೇಕ್ವಾನ್ ಬಾರ್ಕ್ಲಿ ಅಂತ ಒಬ್ಬ ಇದ್ದ. ನಂಬರ್ 26. ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡುವುದು ಅವನ ಕೆಲಸ. ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2018ರಲ್ಲಿ, ಎರಡನೇ ಆಯ್ಕೆಯಾಗಿ ಬಂದವನು. ಭಾವ ಆಗಲೇ ನೀಲಿ ಜೆರ್ಸಿ ತಗೊಂಡಿದ್ದರು. 2024ರ ಮಾರ್ಚ್‌ನಲ್ಲಿ ಕರಾರು ಮುಗಿಯಿತು. ಫಿಲಡೆಲ್ಫಿಯಾ ಈಗಲ್ಸ್‌ನವರು 3 ವರ್ಷಕ್ಕೆ 37.75 ಮಿಲಿಯನ್ ಡಾಲರ್ ಅಂದರು, ಹುಡುಗ ಹೊರಟ. ಫಿಲಡೆಲ್ಫಿಯಾ ಏನು ದೂರವಲ್ಲ, ಕಾರಿನಲ್ಲಿ ಎರಡು ಗಂಟೆ. ಎರಡೂ ಒಂದೇ ಗುಂಪಿನ ತಂಡಗಳು, ವರ್ಷಕ್ಕೆ ಎರಡು ಸಲ ಎದುರಾಗಲೇಬೇಕು. ಜಗಳ ಮಾಡಿ ಮನೆ ಬಿಟ್ಟವನು ಎದುರುಮನೆಗೇ ಬಾಡಿಗೆಗೆ ಬಂದ ಹಾಗೆ. ಅಲ್ಲೂ ಅದೇ ನಂಬರ್ 26 ಹಾಕಿಕೊಂಡ ಅನ್ನುವುದು ಭಾವನ ಹೊಟ್ಟೆ ಉರಿಗೆ ಹಾಕಿದ ಒಗ್ಗರಣೆ.

ಅವತ್ತಿನಿಂದ ಭಾವನಿಗೆ ಒಂದೇ ಪ್ರಶ್ನೆ. ತಪ್ಪು ಯಾರದು? ಉತ್ತರ ಮಾತ್ರ ವಾರಕ್ಕೊಂದು. ಒಂದು ವಾರ ಜನರಲ್ ಮ್ಯಾನೇಜರ್ ಜೋ ಶೋನ್. ಇನ್ನೊಂದು ವಾರ ಓಡುವವನನ್ನು ಅಷ್ಟು ಮೇಲೆ ಆರಿಸಿದ ಹಿಂದಿನ ಮ್ಯಾನೇಜರ್. ಮಳೆ ಬಂದರೆ ಮಾಲೀಕ ಜಾನ್ ಮಾರಾ. ಆ ಮಾರಾ, ಸೇಕ್ವಾನ್ ಫಿಲಡೆಲ್ಫಿಯಾಗೆ ಹೋದರೆ ನನಗೆ ನಿದ್ದೆ ಬರೋದು ಕಷ್ಟ ಅಂತ ಶೋನ್‌ಗೆ ಹೇಳಿದ್ದನ್ನು ಟೀವಿ ಕ್ಯಾಮೆರಾ ಹಿಡಿದುಬಿಟ್ಟಿತ್ತು. "ನಿದ್ದೆ ಬರಲ್ಲ ಅಂತ ಗೊತ್ತಿದ್ದವನು ಎದ್ದು ಕೂತು ಚೆಕ್ ಬರೀಬಹುದಿತ್ತಲ್ಲ?" ಅಂತ ಭಾವ ಕೇಳುತ್ತಾರೆ. ನನ್ನನ್ನು. ನಾನೇನೋ ಅವರ ಅಕೌಂಟೆಂಟ್ ಅನ್ನುವ ಹಾಗೆ.

ನಿನ್ನೆ ಊಟಕ್ಕೆ ಕೂತಾಗ ನಾನು ಮಾಡಿದ ತಪ್ಪು ಒಂದೇ. "ಹೋದ್ರೆ ಹೋದ ಬಿಡಿ ಭಾವ, ದುಡ್ಡಿಲ್ಲದೆ ಏನು ಮಾಡ್ತಾರೆ?" ಅಂದೆ.

ಭಾವ ಸೌಟು ಎತ್ತಿಕೊಂಡರು. "ನಿನ್ನ ತಟ್ಟೆ ಇದೆಯಲ್ಲ, ಇದು ಸ್ಯಾಲರಿ ಕ್ಯಾಪ್." 2024ರಲ್ಲಿ ತಂಡವೊಂದಕ್ಕೆ 255.4 ಮಿಲಿಯನ್ ಡಾಲರ್ ಮಿತಿ, ಅಷ್ಟರಲ್ಲೇ ಎಲ್ಲರ ಸಂಬಳ. ಅವರ ತಟ್ಟೆಯನ್ನೇ ತೋರಿಸಬಹುದಿತ್ತು, ಆದರೆ ಅದು ಆಗಲೇ ಖಾಲಿ. "ಅನ್ನ ಅಂದ್ರೆ ಡೇನಿಯಲ್ ಜೋನ್ಸ್." ಚೆಂಡು ಎಸೆಯುವವನು. 2023ರಲ್ಲಿ ಅವನಿಗೆ 4 ವರ್ಷಕ್ಕೆ 160 ಮಿಲಿಯನ್ ಕೊಟ್ಟರು. ಸೌಟಿನ ಬೆನ್ನಿನಿಂದ ಅನ್ನವನ್ನು ತಟ್ಟಿ ಹರಡಿದರು. ಮುಕ್ಕಾಲು ತಟ್ಟೆ ಜೋನ್ಸ್ ಆಯಿತು. ಹುರುಳಿಕಾಯಿ ಪಲ್ಯ ಡಿಫೆನ್ಸ್, ಅದನ್ನು ತಟ್ಟೆಯ ಮೂಲೆಗೆ ಒತ್ತಿದರು. ಉಪ್ಪಿನಕಾಯಿ ಕಿಕ್ಕರ್. "ಸಾರು?" ಅಂದೆ. "ಸಾರು ಸುಮ್ನೆ ಇರ್ಲಿ" ಅಂದರು. ಅದು ಸುಮ್ನೆ ಇದ್ದು ಇದ್ದೇ ತಣ್ಣಗಾಯಿತು.

ತಟ್ಟೆ ಅಂಚಿನಲ್ಲಿ ಹಪ್ಪಳ ಇತ್ತು. ಮಜ್ಜಿಗೆ ಅನ್ನಕ್ಕೆ ಅಂತ ಉಳಿಸಿಕೊಂಡಿದ್ದೆ. ಒಳ್ಳೆಯದನ್ನು ಕೊನೆಗಿಟ್ಟುಕೊಳ್ಳುವುದು ಚಿಕ್ಕಂದಿನ ಚಟ.

"ಇದು ಬಾರ್ಕ್ಲಿ" ಅಂತ ಭಾವ ಎತ್ತಿದರು. ಜೋನ್ಸ್‌ಗೆ 160 ಕೊಟ್ಟ ದಿನವೇ ಇವನಿಗೆ ಫ್ರಾಂಚೈಸ್ ಟ್ಯಾಗ್ ಹಾಕಿದರಂತೆ, ಅಂದರೆ ಆಟಗಾರ ಬೇರೆ ಕಡೆ ಹೋಗದ ಹಾಗೆ ಒಂದು ವರ್ಷಕ್ಕೆ ಹಿಡಿದಿಟ್ಟುಕೊಳ್ಳುವ ಚೀಟಿ. 10.1 ಮಿಲಿಯನ್, ಒಂದೇ ವರ್ಷ. ನಮ್ಮೂರಿನ ಹನ್ನೊಂದು ತಿಂಗಳ ಬಾಡಿಗೆ ಅಗ್ರಿಮೆಂಟ್ ಇದ್ದ ಹಾಗೆ. ಖಾಲಿ ಮಾಡು ಅನ್ನಲ್ಲ, ಇರು ಅಂತಲೂ ಅನ್ನಲ್ಲ. "ಮುಂದಿನ ವರ್ಷ ಅದನ್ನೂ ಹಾಕಲಿಲ್ಲ. ಅಂಚಿನಲ್ಲಿ ಬಿಟ್ಟರು. ಆಗ ಏನಾಯ್ತು?" ಹಪ್ಪಳ ಗಾಳಿಯಲ್ಲಿ ತೇಲಿಕೊಂಡು ಅವರ ತಟ್ಟೆಗೆ ಬಂತು. "ಫಿಲಡೆಲ್ಫಿಯಾ! ಮೊದಲ ವರ್ಷವೇ 2005 ಗಜ ಓಡಿದ!" ಕಟುಂ. "2025ರ ಫೆಬ್ರವರಿ 9, ಅವನ 28ನೇ ಹುಟ್ಟುಹಬ್ಬ, ಅವತ್ತೇ ಸೂಪರ್ ಬೌಲ್ ಫೈನಲ್ ಗೆದ್ದ!" ಕಟುಂ, ಕಟುಂ.

ಎಂಜಲು, ಮುಸುರೆ ಅಂತ ಮೂರು ಸಲ ಕೈ ತೊಳೆಯುವ ಮನುಷ್ಯ, ನನ್ನ ತಟ್ಟೆಯ ಹಪ್ಪಳ ತಿಂದು ಬೆರಳಿನ ಎಣ್ಣೆ ಒರೆಸಿಕೊಂಡು "ಅರ್ಥ ಆಯ್ತಾ?" ಅಂದರು.

ಅಕ್ಕ ಮಜ್ಜಿಗೆ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. "ಅದು ಕೊನೇ ಹಪ್ಪಳ ಕಣ್ರೀ" ಅಂದಳು. ಡಬ್ಬದ ಕೊನೆ ಅಂದುಕೊಂಡೆ. ಅಲ್ಲವಂತೆ. ಅಮ್ಮನಿಗೆ ಮಂಡಿ ನೋವು, ಮಾಳಿಗೆ ಮೆಟ್ಟಿಲು ಹತ್ತೋಕೆ ಆಗಲ್ಲ, ಇನ್ನು ಮಾಡಲ್ಲ ಅಂತ ಹೋದ ವಾರ ಫೋನಿನಲ್ಲಿ ಹೇಳಿದಳಂತೆ.

ನಾನು ಊರು ಬಿಟ್ಟಾಗಲೂ ಮನೆಯಲ್ಲಿ ಇಂಥದ್ದೇ ವಿಚಾರಣೆ ನಡೆದಿತ್ತು. ಅಜ್ಜಿ ಗಣಿತದ ಮೇಷ್ಟರನ್ನು ಬೈದರು. ಅಪ್ಪ, ಮೊದಲು ಹೋಗಿ ದಾರಿ ತೋರಿಸಿದ ಅಕ್ಕನನ್ನು. ದೊಡ್ಡಪ್ಪ ಕಂಪ್ಯೂಟರನ್ನು. ಅಮ್ಮ ಯಾರನ್ನೂ ಬೈಯದೆ ಹಲಸಿನ ಸೊಳೆ ಬಿಡಿಸುತ್ತಾ ಕೂತಿದ್ದಳು. ನನ್ನನ್ನು ಬೈದಿದ್ದರೂ ಆಗುತ್ತಿತ್ತು.

ಭಾವನಿಗೆ ಸ್ವಲ್ಪ ಕಸಿವಿಸಿ ಆಯಿತು. ಆದರೆ ಎಷ್ಟಾದರೂ ಜೈಂಟ್ಸ್ ಅಭಿಮಾನಿ, ತಪ್ಪು ಹಂಚದೆ ಕೈ ತೊಳೆಯೋಕೆ ಏಳುತ್ತಾರಾ? "ಅಂಚಿನಲ್ಲಿ ಇಟ್ಟಿದ್ದು ನೀನು. ಬೇಕಾಗಿದ್ದರೆ ಮೊದಲೇ ತಿನ್ನಬೇಕಿತ್ತು. ನಾನು ಎತ್ತಿದಾಗ ಬೇಡ ಅಂದ್ಯಾ?" ಆಮೇಲೆ ಅಕ್ಕನ ಕಡೆ ತಿರುಗಿದರು. "ನೀನಾದರೂ ಮೊದಲೇ ಹೇಳಬಾರದಿತ್ತಾ?" ಅಕ್ಕ ಮಜ್ಜಿಗೆಯನ್ನು ನನಗೆ ಬಡಿಸಿ, ಪಾತ್ರೆ ವಾಪಸ್ ಒಳಗೆ ತಗೊಂಡು ಹೋದಳು. ಭಾವನಿಗೆ ಹಾಕಲಿಲ್ಲ.

ಐದು ನಿಮಿಷ ಬಿಟ್ಟು ಅಂಗಡಿಯ ಪ್ಯಾಕೆಟ್ ಹಪ್ಪಳವನ್ನು ಮೈಕ್ರೋವೇವ್‌ನಲ್ಲಿ ಸುಟ್ಟು ತಂದು ನನ್ನ ತಟ್ಟೆಗಿಟ್ಟಳು. ಭಾವ ಅದನ್ನೇ ದಿಟ್ಟಿಸಿ ನೋಡಿದರು.

"ಡೆವಿನ್ ಸಿಂಗಲ್ಟರಿ" ಅಂದರು.

ಬಾರ್ಕ್ಲಿ ಜಾಗಕ್ಕೆ ಜೈಂಟ್ಸ್‌ನವರು ತಂದುಕೊಂಡವನು. 3 ವರ್ಷಕ್ಕೆ 16.5 ಮಿಲಿಯನ್. ಪಾಪ, ಕೆಟ್ಟ ಆಟಗಾರನೇನಲ್ಲ. ಮುರಿದು ಮಜ್ಜಿಗೆ ಅನ್ನಕ್ಕೆ ನಂಚಿಕೊಂಡೆ. ಉಪ್ಪು ಸ್ವಲ್ಪ ಜಾಸ್ತಿ ಇತ್ತು.