ಪ್ಯಾರಾ ಜಂಬಲ್: ಮೊದಲ ವಾಕ್ಯ ಹುಡುಕಬ್ಯಾಡ್ರಿ, ಜೋಡಿ ಹುಡುಕ್ರಿ

ಧಾರವಾಡದ ಸಪ್ತಾಪುರದಲ್ಲಿ ಬ್ಯಾಂಕ್, ಎಸ್‌ಎಸ್‌ಸಿ (ಕೇಂದ್ರ ಸರ್ಕಾರಿ ನೌಕರಿ) ಪರೀಕ್ಷೆಗೆ ಓದುವವರಲ್ಲಿ ಬಹಳ ಮಂದಿ ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಕಲಿತು ಬಂದವರು. ಇಂಗ್ಲಿಷ್ ಪೇಪರಿನ ಪ್ಯಾರಾ ಜಂಬಲ್ ಬಂತೆಂದರೆ, ಅಂದರೆ ಪಿ, ಕ್ಯೂ, ಆರ್, ಎಸ್ ಅಂತ ಅಕ್ಷರ ಹಚ್ಚಿ ಕಲಸಿಟ್ಟ ವಾಕ್ಯಗಳನ್ನು ಸರಿಯಾದ ಕ್ರಮಕ್ಕೆ ಜೋಡಿಸುವ ಪ್ರಶ್ನೆ ಬಂತೆಂದರೆ, ಅವರಿಗೆ ಅದು ನಸೀಬಿನ ಆಟ. ಯಾವ ವಾಕ್ಯ ಮೊದಲು ಬರಬಹುದು ಅಂತ ಅಂದಾಜು ಮಾಡುತ್ತಾರೆ, ಆ ಅಕ್ಷರದಿಂದ ಶುರುವಾಗುವ ಆಪ್ಶನ್‌ಗೆ ಟಿಕ್ ಹಾಕುತ್ತಾರೆ. ಈ ರೂಢಿ ಬಿಡಬೇಕು. ದೊಡ್ಡ ಶಬ್ದಭಂಡಾರ ಇಲ್ಲದೆಯೂ ಪೂರ್ತಿ ಅಂಕ ತೆಗೆಯಬಹುದಾದ ಪ್ರಶ್ನೆ ಇದು.

ಮೊದಲ ವಾಕ್ಯ ಹುಡುಕುವುದರಲ್ಲಿ ತೊಂದರೆ ಏನೆಂದರೆ, ಮೂರು ಆಪ್ಶನ್‌ಗಳು ಒಂದೇ ಅಕ್ಷರದಿಂದ ಶುರುವಾದರೆ ಕಷ್ಟಪಟ್ಟು ಹುಡುಕಿದ್ದು ಏನಕ್ಕೂ ಬಾರದು. ಬೇಕಾಗಿರುವುದು ಬಿಡಿಸಲಾಗದ ಜೋಡಿ: ಈ ವಾಕ್ಯದ ಬೆನ್ನಿಗೆ ಆ ವಾಕ್ಯವೇ ಬರಬೇಕು ಅನ್ನುವಂಥದ್ದು. ನಾಲ್ಕು ವಾಕ್ಯದ ಪ್ರಶ್ನೆಯಲ್ಲಿ ಇಂಥ ಎರಡು ಜೋಡಿ ಸಿಕ್ಕರೆ ಸಾಮಾನ್ಯವಾಗಿ ಒಂದೇ ಆಪ್ಶನ್ ಉಳಿಯುತ್ತದೆ.

ಉದಾಹರಣೆ ನೋಡ್ರಿ.

ಪಿ: ದಿಸ್ ಕಲರ್ ಈಸ್ ಎಕ್ಸ್‌ಟ್ರ್ಯಾಕ್ಟೆಡ್ ಇನ್ ಫ್ಯಾಕ್ಟರೀಸ್ ಆ್ಯಸ್ ಓಲಿಯೋರೆಸಿನ್.
ಕ್ಯೂ: ಎ ವೆರೈಟಿ ಆಫ್ ಚಿಲ್ಲಿ ಈಸ್ ನೇಮ್ಡ್ ಆಫ್ಟರ್ ಬ್ಯಾಡಗಿ, ಎ ಟೌನ್ ಇನ್ ಹಾವೇರಿ ಡಿಸ್ಟ್ರಿಕ್ಟ್.
ಆರ್: ದಿ ಎಕ್ಸ್‌ಟ್ರ್ಯಾಕ್ಟ್ ಈಸ್ ದೆನ್ ಯೂಸ್ಡ್ ಇನ್ ಫುಡ್ ಆ್ಯಂಡ್ ನೇಲ್ ಪಾಲಿಶ್.
ಎಸ್: ದಿ ವೆರೈಟಿ ಈಸ್ ವ್ಯಾಲ್ಯೂಡ್ ಮೋರ್ ಫಾರ್ ಇಟ್ಸ್ ರೆಡ್ ಕಲರ್ ದ್ಯಾನ್ ಫಾರ್ ಇಟ್ಸ್ ಪಂಜೆನ್ಸಿ.

ಕ್ಯೂದಲ್ಲಿ ‘ಎ ವೆರೈಟಿ’, ಎಸ್‌ನಲ್ಲಿ ‘ದಿ ವೆರೈಟಿ’. ಎಸ್‌ನಲ್ಲಿ ‘ರೆಡ್ ಕಲರ್’, ಪಿಯಲ್ಲಿ ‘ದಿಸ್ ಕಲರ್’. ಪಿಯಲ್ಲಿ ಬಣ್ಣ ತೆಗೆದರು, ಆರ್‌ನಲ್ಲಿ ತೆಗೆದದ್ದನ್ನು ಬಳಸಿದರು. ಉತ್ತರ ಕ್ಯೂ-ಎಸ್-ಪಿ-ಆರ್. ‘ಓಲಿಯೋರೆಸಿನ್’, ‘ಪಂಜೆನ್ಸಿ’ ಅಂದರೇನು ಅಂತ ಗೊತ್ತಿರಬೇಕಾದ ಜರೂರೇ ಬೀಳಲಿಲ್ಲ.

ಕನ್ನಡ ಮಾಧ್ಯಮದವರ ಕಣ್ಣು ಜಾರುವುದು ಸರಿಯಾಗಿ ಈ ಸಣ್ಣ ಪದಗಳ ಮೇಲೆಯೇ. ಅದಕ್ಕೆ ಕಾರಣ ಇದೆ. ‘ಬಂದಳು, ಕೂತಳು’ ಅಂದರೆ ನಮಗೆ ಸಾಕು, ‘ಅವಳು’ ಬೇಕಿಲ್ಲ. ಕ್ರಿಯಾಪದವೇ ಎಲ್ಲ ಹೇಳುತ್ತದೆ. ಹಾಗಾಗಿ ಇಂಗ್ಲಿಷಿನ ‘ಇಟ್’, ‘ದೆ’, ‘ದೇರ್’ಗಳನ್ನು ಓದಿಯೂ ಓದದಂತೆ ದಾಟಿಬಿಡುತ್ತೇವೆ. ‘ಎ’, ‘ದಿ’ ನಮ್ಮಲ್ಲಿಲ್ಲ ಅನ್ನುವವರು ಅಜ್ಜಿ ಹೇಳುವ ಕಥೆ ನೆನೆಸಿಕೊಳ್ಳಲಿ: ‘ಒಂದೂರಾಗ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಮಕ್ಕಳು.’ ಈ ಎರಡು ವಾಕ್ಯಗಳನ್ನು ತಿರುವಿ ಹಾಕಿದರೆ ಮೂರು ವರ್ಷದ ಕೂಸೂ ‘ಯಾವ ರಾಜ?’ ಅಂತ ಕೇಳುತ್ತದೆ. ಅದೇ ಪ್ರಶ್ನೆಯನ್ನು ಇಂಗ್ಲಿಷ್ ವಾಕ್ಯಕ್ಕೂ ಕೇಳ್ರಿ. ‘ದಿಸ್’ ಬಂತು, ಯಾವುದು? ‘ದೆ’ ಬಂತು, ಯಾರು? ಉತ್ತರ ಯಾವ ವಾಕ್ಯದಲ್ಲಿದೆಯೋ ಅದು ಮೊದಲು.

ಸೂತ್ರ ಬಾಯಿಪಾಠ ಮಾಡಿದವರು ಎಡವುವ ಜಾಗಗಳೂ ಇವೆ. ‘ದಿ’ಯಿಂದ ಶುರುವಾದ ವಾಕ್ಯ ಮೊದಲು ಬರುವುದೇ ಇಲ್ಲ ಅನ್ನುವುದು ತಪ್ಪು, ‘ದಿ ಸನ್’, ‘ದಿ ಗವರ್ನಮೆಂಟ್’ ಅಂಥವಕ್ಕೆ ಹಿಂದಿನ ಪರಿಚಯ ಬೇಡ. ‘ಹೌಎವರ್’ ಇರುವ ವಾಕ್ಯ ಸಾಮಾನ್ಯವಾಗಿ ಮೊದಲು ಬರುವುದಿಲ್ಲ, ಆದರೆ ‘ಆಲ್‌ದೋ’ ಧಾರಾಳವಾಗಿ ಬರಬಹುದು, ಯಾಕೆಂದರೆ ಅದರ ವಿರೋಧ ಅದೇ ವಾಕ್ಯದೊಳಗೇ ಮುಗಿಯುತ್ತದೆ. ಇಸವಿ ಕಂಡ ಕೂಡಲೇ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಬ್ಯಾಡ್ರಿ. ‘ಹ್ಯಾಡ್ ಗಾನ್’ ಥರದ ಕ್ರಿಯಾಪದ ಇದ್ದರೆ ಲೇಖಕ ಇನ್ನೂ ಹಿಂದಿನ ಕಾಲಕ್ಕೆ ಹೋಗಿರಬಹುದು. ಪೂರ್ತಿ ಹೆಸರು ಮೊದಲು, ಮೊಟಕು ಹೆಸರು ಆಮೇಲೆ ಅನ್ನುವುದು ಮಾತ್ರ ಹೆಚ್ಚಾಗಿ ಕೈಕೊಡುವುದಿಲ್ಲ.

ಇನ್ನು ಅಭ್ಯಾಸ. ಝೆರಾಕ್ಸ್ ಬಂಡಲ್‌ಗಳಲ್ಲಿ ಎಷ್ಟೋ ಸಲ ಉತ್ತರದ ಅಕ್ಷರ ಇರುತ್ತದೆ, ಕಾರಣ ಇರುವುದಿಲ್ಲ. ಕೀ ಉತ್ತರವೇ ತಪ್ಪಿದ್ದರೆ ಕೇಳುವವರಿಲ್ಲ. ಅದಕ್ಕಿಂತ ಇಂಗ್ಲಿಷ್ ಪತ್ರಿಕೆಯ ಕೃಷಿ ಅಥವಾ ವಿಜ್ಞಾನದ ಬರಹದಿಂದ ಐದಾರು ವಾಕ್ಯದ ಒಂದು ಪ್ಯಾರಾ ಆರಿಸಿ, ಒಂದೊಂದು ವಾಕ್ಯವನ್ನು ಒಂದೊಂದು ಚೀಟಿಯಲ್ಲಿ ಬರೆದು ಕಲಸಿಡ್ರಿ. ಎರಡು ದಿನ ಬಿಟ್ಟು, ಮೂಲ ಮರೆತ ಮೇಲೆ ಜೋಡಿಸ್ರಿ. ರೂಮ್‌ಮೇಟ್ ಜೊತೆ ಚೀಟಿ ಅದಲುಬದಲು ಮಾಡಿಕೊಂಡರೆ ಇನ್ನೂ ಚಲೋ. ಪ್ರತಿ ಕೊಂಡಿಗೂ ಕಾರಣವಾದ ಪದವನ್ನು ಪಕ್ಕದಲ್ಲಿ ಬರೀರಿ. ಕಾರಣ ಬರೆಯಲಾಗದಿದ್ದರೆ ಉತ್ತರ ಸರಿ ಬಂದಿದ್ದರೂ ಅದು ಅಂದಾಜೇ. ಬರೀ ಪಟ್ಟಿಯಂತಿರುವ ಪ್ಯಾರಾ ಬ್ಯಾಡ, ಅದನ್ನು ಹೇಗೆ ಜೋಡಿಸಿದರೂ ಅರ್ಥ ಬರುತ್ತದೆ. ಮೊದಲ ವಾರ ಕನ್ನಡ ಪತ್ರಿಕೆಯಿಂದಲೇ ಮಾಡಿದರೂ ನಷ್ಟವಿಲ್ಲ, ಕಲಿಯಬೇಕಾದ ನೋಟ ಒಂದೇ.

ಪರೀಕ್ಷೆಯ ಲೆಕ್ಕವೂ ತಲೆಯಲ್ಲಿರಲಿ. ಎಸ್‌ಎಸ್‌ಸಿ ಸಿಜಿಎಲ್ (ಪದವೀಧರರ ನೌಕರಿ ಪರೀಕ್ಷೆ) ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಸರಿಗೆ 2 ಅಂಕ, ತಪ್ಪಿಗೆ 0.50 ಕಡಿತ. ಒಂದು ಜೋಡಿ ಸಿಕ್ಕು ಎರಡು ಆಪ್ಶನ್ ಉಳಿದರೆ ಒಂದನ್ನು ಟಿಕ್ ಮಾಡಿ ಮುಂದೆ ಹೋಗ್ರಿ. ಬ್ಯಾಂಕ್ ಪರೀಕ್ಷೆಯಲ್ಲಿ ಒಂದೇ ಜೋಡಣೆಯ ಮೇಲೆ ‘ಮೂರನೇ ವಾಕ್ಯ ಯಾವುದು?’ ಥರದ ನಾಲ್ಕೈದು ಪ್ರಶ್ನೆ ಕೇಳಿದ್ದರೆ ಒಂದು ಕೊಂಡಿ ತಪ್ಪಿದರೂ ಹಲವು ಅಂಕ ಹೋಗುತ್ತವೆ. ಅಲ್ಲಿ ಖಾತ್ರಿಯಾದ ಜಾಗದ ಪ್ರಶ್ನೆಗಳಿಗಷ್ಟೇ ಉತ್ತರಿಸ್ರಿ. ಎಂಬಿಎ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನಲ್ಲಿ ಈ ಪ್ರಶ್ನೆಗೆ ಆಪ್ಶನ್ ಇರುವುದಿಲ್ಲ, ಕ್ರಮವನ್ನು ಟೈಪ್ ಮಾಡಬೇಕು, ತಪ್ಪಿದರೆ ಕಡಿತವೂ ಇಲ್ಲ. ಅಲ್ಲಿ ಖಾಲಿ ಬಿಟ್ಟು ಬರಬ್ಯಾಡ್ರಿ.